ಮೆದುಳಿನ ಸ್ಟೆಂಟ್ ಆಗಿ ಏಳು ವಾರ: ಹಲ್ಲು ಕೀಳಿಸಲು ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಬಹುದೇ?

ಶಿವಮೊಗ್ಗದ ಶಿಕ್ಷಕಿ:

ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ, ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. ಬಹುದಿನಗಳ ತಲೆನೋವಿಗೆಂದು ಎಂಆರ್‌ಐ ಮಾಡಿಸಿದಾಗ, ಎಡಗಣ್ಣಿನ ಹಿಂದೆ, ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳದ ಗೋಡೆಯಲ್ಲಿ 8 ಮಿಲಿಮೀಟರಿನ ಉಬ್ಬು, ಅಂದರೆ ಅನ್ಯೂರಿಸಂ, ಇರುವುದು ಗೊತ್ತಾಯಿತು. ಪುಣ್ಯಕ್ಕೆ ಅದು ಒಡೆದಿರಲಿಲ್ಲ. ಏಳು ವಾರಗಳ ಹಿಂದೆ ಬೆಂಗಳೂರಿನಲ್ಲಿ ತೊಡೆಸಂದಿನ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ಫ್ಲೋ ಡೈವರ್ಟರ್ ಎಂಬ ಬಗೆಯ ಸ್ಟೆಂಟ್ ಹಾಕಿದರು. ಮೂರನೆಯ ದಿನ ಮನೆಗೆ ಕಳುಹಿಸಿದರು. ಕ್ಲೋಪಿಡೋಗ್ರೆಲ್ 75 ಮತ್ತು ಎಕೋಸ್ಪ್ರಿನ್ 75, ಈ ಎರಡು ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬಾರದು, ಆರು ತಿಂಗಳಿಗೆ ಆಂಜಿಯೋಗ್ರಾಂ ಮಾಡಿ ನೋಡೋಣ ಎಂದು ಹೇಳಿದ್ದಾರೆ.

ಈಗ ನನ್ನ ತೊಂದರೆಗಳನ್ನು ಹೇಳಿಕೊಳ್ಳುತ್ತೇನೆ. ಎಲ್ಲಿ ತಗುಲಿತೆಂದು ನೆನಪೇ ಇಲ್ಲದ ಕಡೆಯಲ್ಲೆಲ್ಲ ನೇರಳೆ ಬಣ್ಣದ ಕಲೆಗಳು ಏಳುತ್ತಿವೆ. ಮೊನ್ನೆ ತರಕಾರಿ ಚೀಲವನ್ನು ಮೊಣಕೈಗೆ ನೇತುಹಾಕಿಕೊಂಡು ಬಂದದ್ದಕ್ಕೆ ಅದರ ಹಿಡಿಯ ಅಚ್ಚು ನಾಲ್ಕು ದಿನ ಹಾಗೆಯೇ ಉಳಿಯಿತು. ಮಧ್ಯಾಹ್ನವಾಯಿತೆಂದರೆ ಕೈಯಲ್ಲಿ ಸೀಮೆಸುಣ್ಣ ಹಿಡಿಯುವಷ್ಟೂ ಶಕ್ತಿ ಇರುವುದಿಲ್ಲ, ಹಾಗಾಗಿ ರಜೆಯನ್ನು ಮುಂದುವರಿಸಿದ್ದೇನೆ. ಮುಟ್ಟಿನ ಸ್ರಾವ ಮೊದಲಿಗಿಂತ ಎರಡು ಪಟ್ಟಾಗಿದೆ, ಈ ಸಲ ಒಂಬತ್ತು ದಿನ ಹೋಯಿತು. ಇವೆಲ್ಲದರ ಮೇಲೆ ಈಗ ಕೆಳದವಡೆಯ ಹಲ್ಲೊಂದು ಹುಳುಕಾಗಿ ರಾತ್ರಿಯೆಲ್ಲ ಸಿಡಿಯುತ್ತಿದೆ. ಹಲ್ಲಿನ ಡಾಕ್ಟರರು ಎರಡೂ ಮಾತ್ರೆಗಳನ್ನು ಐದು ದಿನ ನಿಲ್ಲಿಸಿ ಬನ್ನಿ, ಕಿತ್ತುಬಿಡೋಣ ಎಂದಿದ್ದಾರೆ. ಸೋಮವಾರ ಬರಲು ಹೇಳಿದ್ದಾರೆ, ಅಂದರೆ ನಾಳೆ ಬೆಳಿಗ್ಗೆಯಿಂದಲೇ ಬಿಡಬೇಕು. ಬೆಂಗಳೂರಿನ ಆಸ್ಪತ್ರೆಯ ಫೋನು ಎರಡು ಬಾರಿ ಮಾಡಿದರೂ ಸಿಗಲಿಲ್ಲ. ನಮ್ಮ ಅತ್ತಿಗೆ ಬೇರೆ, ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ಸೊಪ್ಪು ತಿನ್ನಬಾರದು ಎಂದು ಮನೆಯಲ್ಲಿ ಸೊಪ್ಪಿನ ಸಾರನ್ನೇ ನಿಲ್ಲಿಸಿದ್ದಾರೆ. ಈ ದಾರಿಯಲ್ಲಿ ನಡೆದು ಬಂದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಮೈಸೂರಿನ ಓದುಗಿ, ಸ್ಟೆಂಟ್ ಆಗಿ ನಾಲ್ಕು ವರ್ಷ:

ಮೇಡಂ, ದಯವಿಟ್ಟು ನಾಳೆ ಮಾತ್ರೆ ಬಿಡಬೇಡಿ. ಉಳಿದದ್ದನ್ನು ಆಮೇಲೆ ವಿವರವಾಗಿ ಬರೆಯುತ್ತೇನೆ. ನಿಮ್ಮ ಡಿಸ್ಚಾರ್ಜ್ ಸಮ್ಮರಿಯ ಕೊನೆಯ ಪುಟದಲ್ಲಿ ತುರ್ತು ಸಂಪರ್ಕಕ್ಕೆ ಬೇರೆ ಸಂಖ್ಯೆ ಇರುತ್ತದೆ, ಅದಕ್ಕೆ ಮಾಡಿ. ಅದೂ ಸಿಗದಿದ್ದರೆ ಆಸ್ಪತ್ರೆಯ ಸ್ವಾಗತ ವಿಭಾಗಕ್ಕೆ ಕರೆ ಮಾಡಿ, ಕರ್ತವ್ಯದಲ್ಲಿರುವ ನರರೋಗ ವಿಭಾಗದ ವೈದ್ಯರಿಗೆ ಕೊಡಿ ಎಂದು ಕೇಳಿ. ಸ್ಟೆಂಟ್ ಆಗಿ ಏಳು ವಾರ, ಹಲ್ಲಿಗೆಂದು ಎರಡೂ ಮಾತ್ರೆ ನಿಲ್ಲಿಸಲು ಹೇಳಿದ್ದಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿ. ಅಷ್ಟು ಕೇಳಿದರೆ ಯಾವ ವೈದ್ಯರೂ ಫೋನು ಇಡುವುದಿಲ್ಲ.

ನಿವೃತ್ತ ಶುಶ್ರೂಷಾಧಿಕಾರಿ, ಬೆಂಗಳೂರು:

ತಂಗಿ, ನಾನು ಹನ್ನೊಂದು ವರ್ಷ ಕ್ಯಾಥ್ ಲ್ಯಾಬಿನಲ್ಲಿ, ಅಂದರೆ ರಕ್ತನಾಳದೊಳಗೆ ನಳಿಕೆ ತೂರಿಸಿ ಚಿಕಿತ್ಸೆ ಕೊಡುವ ವಿಭಾಗದಲ್ಲಿ, ಇಂಥ ರೋಗಿಗಳ ನಡುವೆಯೇ ಕೆಲಸ ಮಾಡಿದವಳು. ವೈದ್ಯಳಲ್ಲ. ಆದರೆ ಈ ಎರಡು ಮಾತ್ರೆಗಳು ಏಕೆ ಎಂಬುದನ್ನು ರೋಗಿಗಳಿಗೆ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೇ ಬರುತ್ತಿತ್ತು, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ನಿಮಗೆ ಹಾಕಿರುವ ಫ್ಲೋ ಡೈವರ್ಟರ್ ಎಂಬುದು ಕೂದಲಿಗಿಂತ ತೆಳುವಾದ ಲೋಹದ ಎಳೆಗಳಿಂದ ಹೆಣೆದ ಜಾಳಿಗೆಯ ಕೊಳವೆ. 2011ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪೈಪ್‌ಲೈನ್ ಎಂಬ ಸಾಧನದಲ್ಲಿ ಇಂಥ 48 ಎಳೆಗಳಿವೆ. ಹೊಳೆಯ ಮಗ್ಗುಲಿನ ಮಡುವಿನ ಬಾಯಿಗೆ ಒತ್ತಾದ ತಟ್ಟಿ ಕಟ್ಟಿದರೆ ನೀರು ತನ್ನ ಪಾಡಿಗೆ ಮುಂದೆ ಹರಿದು, ಮಡುವಿನ ನೀರು ನಿಂತಲ್ಲೇ ನಿಂತು ಕೆಸರುಗಟ್ಟುತ್ತದೆಯಲ್ಲ, ಅದೇ ರೀತಿ ಉಬ್ಬಿನೊಳಗಿನ ರಕ್ತ ನಿಧಾನವಾಗಿ ಹೆಪ್ಪುಗಟ್ಟಿ, ನಾಳದ ಒಳಪದರವು ಜಾಳಿಗೆಯ ಮೇಲೆ ಬೆಳೆದು ಉಬ್ಬಿನ ಬಾಯಿಯನ್ನು ಮುಚ್ಚುತ್ತದೆ. ಇದು ಒಂದು ದಿನದ ಕೆಲಸವಲ್ಲ. ಆ ಸಾಧನದ ಮುಖ್ಯ ಅಧ್ಯಯನದಲ್ಲಿ, ಮರುಪರೀಕ್ಷೆಗೆ ಬಂದವರ ಪೈಕಿ ಒಂದು ವರ್ಷದ ಹೊತ್ತಿಗೆ ನೂರಕ್ಕೆ ಸುಮಾರು 87 ಉಬ್ಬುಗಳೂ ಐದು ವರ್ಷದ ಹೊತ್ತಿಗೆ ಸುಮಾರು 95 ಉಬ್ಬುಗಳೂ ಪೂರ್ಣವಾಗಿ ಮುಚ್ಚಿದ್ದವು. ಎಂದರೆ ಆಪರೇಷನ್ ಟೇಬಲ್ಲಿನಿಂದ ಇಳಿದ ದಿನ ಚಿಕಿತ್ಸೆ ಮುಗಿಯಲಿಲ್ಲ, ಆರಂಭವಾಯಿತು.

ಒಳಪದರ ಬೆಳೆಯುವವರೆಗೆ ರಕ್ತದಲ್ಲಿ ಬರಿಯ ಲೋಹ ಇದೆ ಎಂಬುದೇ ಇಲ್ಲಿನ ಅಪಾಯ. ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳಾದ ಪ್ಲೇಟ್‌ಲೆಟ್‌ಗಳಿಗೆ ಲೋಹವನ್ನೂ ಗಾಯವನ್ನೂ ಬೇರೆ ಮಾಡಿ ನೋಡಲು ಬರುವುದಿಲ್ಲ, ಅವು ಓಡಿ ಬಂದು ಅಂಟಿಕೊಳ್ಳುತ್ತವೆ. ಮೆದುಳಿನ ನಾಳದ ಅಗಲ ಬಹುಪಾಲು ಮೂರು ನಾಲ್ಕು ಮಿಲಿಮೀಟರ್ ಮಾತ್ರ, ಅಲ್ಲಿ ಒಂದು ಸಣ್ಣ ಗಡ್ಡೆ ಕಟ್ಟಿದರೂ ಪಾರ್ಶ್ವವಾಯು. ಅದನ್ನು ತಡೆಯುವುದಕ್ಕೇ ನಿಮ್ಮ ಎಕೋಸ್ಪ್ರಿನ್ನಿನಲ್ಲಿರುವ ಆಸ್ಪಿರಿನ್ ಒಂದು ದಾರಿಯಿಂದ, ಕ್ಲೋಪಿಡೋಗ್ರೆಲ್ ಇನ್ನೊಂದು ದಾರಿಯಿಂದ ಪ್ಲೇಟ್‌ಲೆಟ್‌ಗಳ ಕೈ ಕಟ್ಟಿ ಹಾಕುತ್ತವೆ. ಒಮ್ಮೆ ಕೈ ಕಟ್ಟಿಸಿಕೊಂಡ ಪ್ಲೇಟ್‌ಲೆಟ್ ಸಾಯುವವರೆಗೂ ಹಾಗೆಯೇ ಇರುತ್ತದೆ. ಅದರ ಆಯುಸ್ಸು 7ರಿಂದ 10 ದಿನ. ನೀವು ಗಣಿತದವರು, ಲೆಕ್ಕ ಹಾಕಿ ನೋಡಿ: ದಿನಕ್ಕೆ ಹತ್ತರಲ್ಲಿ ಒಂದು ಪಾಲು ಹೊಸ ಪ್ಲೇಟ್‌ಲೆಟ್‌ಗಳು ಬಂದರೂ, ಐದು ದಿನ ಮಾತ್ರೆ ಬಿಟ್ಟರೆ ಅರ್ಧಕ್ಕರ್ಧ ಪ್ಲೇಟ್‌ಲೆಟ್‌ಗಳು ಕೈ ಬಿಚ್ಚಿಕೊಂಡಿರುತ್ತವೆ. ಹಲ್ಲಿನ ಡಾಕ್ಟರರು ಐದು ದಿನ ಎಂದದ್ದು ಇದೇ ಕಾರಣಕ್ಕೆ, ಮತ್ತು ನೀವು ಬಿಡಬಾರದು ಎಂದು ನಾವು ಹೇಳುವುದೂ ಇದೇ ಕಾರಣಕ್ಕೆ. ಹಲ್ಲು ಕಿತ್ತ ಕುಳಿಯಲ್ಲಿ ರಕ್ತ ಬಂದರೆ ಹತ್ತಿ ಒತ್ತಿ ಹಿಡಿಯಬಹುದು, ಹೊಲಿಗೆ ಹಾಕಬಹುದು. ತಲೆಯೊಳಗಿನ ಸ್ಟೆಂಟ್ ಮುಚ್ಚಿಕೊಂಡರೆ ಬೆರಳಿಟ್ಟು ಒತ್ತಲು ಜಾಗವಿಲ್ಲ.

ಇನ್ನು ಸೊಪ್ಪಿನ ವಿಚಾರ. ನಿಮ್ಮ ಅತ್ತಿಗೆಯವರು ಕೇಳಿರುವುದು ಸುಳ್ಳಲ್ಲ, ಆದರೆ ಅದು ಬೇರೆ ಔಷಧಿಯ ಮಾತು. ಹೃದಯದ ಕವಾಟ ಬದಲಿಸಿಕೊಂಡವರಿಗೆ ಕೊಡುವ ಅಸಿಟ್ರೋಮ್, ವಾರ್ಫರಿನ್ ಮುಂತಾದವು ವಿಟಮಿನ್ ಕೆಯ ವಿರುದ್ಧ ಕೆಲಸ ಮಾಡುತ್ತವೆ. ಅವರು ಸೊಪ್ಪನ್ನು ಒಂದೇ ಅಳತೆಯಲ್ಲಿ ತಿನ್ನಬೇಕು, ಐಎನ್‌ಆರ್ ಎಂಬ ರಕ್ತಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ನಿಮ್ಮ ಮಾತ್ರೆಗಳಿಗೂ ವಿಟಮಿನ್ ಕೆಗೂ ಸಂಬಂಧವಿಲ್ಲ, ನಿಮಗೆ ಐಎನ್‌ಆರ್ ಕೂಡ ಬೇಕಿಲ್ಲ. ಎರಡನ್ನೂ ರಕ್ತ ತೆಳುವಾಗಿಸುವ ಮಾತ್ರೆ ಎಂದೇ ಕರೆಯುವುದರಿಂದ ಈ ಗೊಂದಲ. ಅಷ್ಟು ರಕ್ತ ಹೋಗುತ್ತಿರುವಾಗ ನಿಮಗೆ ಹರಿವೆ, ನುಗ್ಗೆಸೊಪ್ಪು ಬೇಕೇ ಬೇಕು. ಇಂದೇ ಮಸ್ಸೊಪ್ಪು ಮಾಡಿಸಿಕೊಳ್ಳಿ.

ಹುಬ್ಬಳ್ಳಿಯಿಂದ, ತಂದೆಯವರ ಪರವಾಗಿ:

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ನಿಮ್ಮನ್ನು ಹೆದರಿಸುವುದು ನನ್ನ ಉದ್ದೇಶವಲ್ಲ, ಅಕ್ಕಾವರೆ.

ನಮ್ಮ ತಂದೆಯವರಿಗೆ 63 ವರ್ಷ, ಉಪನೋಂದಣಿ ಕಚೇರಿಯ ಎದುರು ಮೂವತ್ತು ವರ್ಷ ದಸ್ತು ಬರೆದವರು. ಅವರ ಉಬ್ಬಿಗೆ ಪ್ಲಾಟಿನಂ ಕಾಯಿಲ್, ಅಂದರೆ ತೆಳುವಾದ ತಂತಿಯ ಸುರುಳಿ ತುಂಬಿ, ಅದು ಹೊರಗೆ ಜಾರದಂತೆ ಸ್ಟೆಂಟ್ ಇಟ್ಟಿದ್ದರು. ಎರಡೂವರೆ ತಿಂಗಳಾಗಿತ್ತು. ಮೂಲವ್ಯಾಧಿಯಿಂದ ಸ್ವಲ್ಪ ರಕ್ತ ಹೋಗತೊಡಗಿದಾಗ ಊರಿನ ವೈದ್ಯರೊಬ್ಬರು, ರಕ್ತ ನಿಲ್ಲುವವರೆಗೆ ಎರಡೂ ಮಾತ್ರೆ ಬಿಡಿ ಎಂದರು. ಅವರು ಕೆಟ್ಟವರಲ್ಲ, ತಲೆಯೊಳಗೆ ಏನಿದೆ ಎಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಏಳನೆಯ ದಿನ ಬೆಳಿಗ್ಗೆ ತಂದೆಯವರು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಲೋಟ ಬಲಗೈಯಿಂದ ಜಾರಿತು. ಕೈ ಸುಟ್ಟಿತೇನೋ ಎಂದು ತಾಯಿಯವರು ಕೇಳಿದರೆ, ಏನೋ ಹೇಳಲು ಹೋದರು, ಮಾತಿನ ಬದಲು ಬರಿಯ ಸದ್ದು ಬಂತು. 108ಕ್ಕೆ ಕರೆ ಮಾಡಿ ಕಿಮ್ಸ್‌ಗೆ ಒಯ್ದೆವು, ಅಲ್ಲಿಂದ ಸ್ಟೆಂಟ್ ಹಾಕಿದ ಆಸ್ಪತ್ರೆಯವರೊಂದಿಗೆ ಮಾತನಾಡಿ ಚಿಕಿತ್ಸೆ ಕೊಟ್ಟರು. ಸ್ಟೆಂಟಿನೊಳಗೆ ಹೆಪ್ಪುಗಟ್ಟಿತ್ತು.

ಮಾತು ಹತ್ತಿರ ಹತ್ತಿರ ಪೂರ್ತಿ ಬಂದಿದೆ. ಬಲಗೈ ಬಂದಿಲ್ಲ. ಅಷ್ಟು ಮುತ್ತಿನಂಥ ಅಕ್ಷರ ಬರೆಯುತ್ತಿದ್ದವರು ಈಗ ಪಿಂಚಣಿ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ಒಬ್ಬರೇ ಒಬ್ಬರು, ಸ್ಟೆಂಟ್ ಹಾಕಿದವರನ್ನು ಒಂದು ಮಾತು ಕೇಳಿ ಎಂದು ನಮಗೆ ಆ ದಿನ ಹೇಳಿದ್ದರೆ ಸಾಕಾಗಿತ್ತು. ಅದಕ್ಕಾಗಿ ಇಷ್ಟನ್ನು ಬರೆದೆ.

ಹಾಸನದ ಔಷಧಿ ಅಂಗಡಿಯವ:

ಮೇಡಂ, ಅಂಗಡಿಯ ಈಚೆ ಬದಿಯಿಂದ ಕಾಣುವ ಕೆಲವು ವಿಷಯಗಳನ್ನು ಹೇಳುತ್ತೇನೆ, ಏಕೆಂದರೆ ಈ ಮಾತ್ರೆಗಳಲ್ಲಿ ಆಗುವ ತಪ್ಪುಗಳು ಬಹುಪಾಲು ನಮ್ಮ ಕಟ್ಟೆಯ ಮೇಲೆಯೇ ಆಗುತ್ತವೆ.

ಮೊದಲನೆಯದು ಹೆಸರಿನ ಕೊನೆಯ ಅಕ್ಷರ. ಕ್ಲೋಪಿಟ್ಯಾಬ್ ಎಂದರೆ ಕ್ಲೋಪಿಡೋಗ್ರೆಲ್ ಮಾತ್ರ. ಕ್ಲೋಪಿಟ್ಯಾಬ್-ಎ ಎಂದರೆ ಅದರ ಜೊತೆಗೆ ಆಸ್ಪಿರಿನ್ ಕೂಡ ಸೇರಿದೆ. ಹೆಸರಿನ ಪಕ್ಕದ 75 ಅಥವಾ 150 ಎಂಬುದು ಆ ಆಸ್ಪಿರಿನ್ನಿನ ಅಳತೆ. ಎಕೋಸ್ಪ್ರಿನ್ ಎಂದರೆ ಆಸ್ಪಿರಿನ್, ಎಕೋಸ್ಪ್ರಿನ್-ಎವಿ ಎಂದರೆ ಆಸ್ಪಿರಿನ್ ಮತ್ತು ಕೊಲೆಸ್ಟರಾಲಿನ ಅಟೊರ್ವಾಸ್ಟಾಟಿನ್, ಎಕೋಸ್ಪ್ರಿನ್ ಗೋಲ್ಡ್ ಎಂದರೆ ಮೂರೂ ಒಟ್ಟಿಗೆ. ಚೀಟಿಯಲ್ಲಿ ಬರೆದ ಬ್ರ್ಯಾಂಡ್ ಇಲ್ಲದಿದ್ದಾಗ ಅವಸರದಲ್ಲಿ ಪಕ್ಕದ ಡಬ್ಬಿಯದನ್ನು ಕೊಟ್ಟರೆ, ರೋಗಿ ತನಗೆ ಗೊತ್ತಿಲ್ಲದೆಯೇ ಎರಡು ಪಟ್ಟು ಆಸ್ಪಿರಿನ್ ತಿನ್ನುತ್ತಿರುತ್ತಾನೆ, ಇಲ್ಲವೇ ಕ್ಲೋಪಿಡೋಗ್ರೆಲ್ಲೇ ತಪ್ಪಿಹೋಗಿರುತ್ತದೆ. ಸ್ಟ್ರಿಪ್ಪಿನ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಒಳಗಿರುವ ಔಷಧಿಯ ಹೆಸರಿರುತ್ತದೆ. ಬ್ರ್ಯಾಂಡ್ ಬಿಟ್ಟು ಅದನ್ನೇ ಓದಿ. ಜನೌಷಧಿ ಕೇಂದ್ರಗಳಲ್ಲಿ ಇದೇ ಮಾತ್ರೆಗಳು ಬಹಳ ಕಡಿಮೆ ಬೆಲೆಗೆ ಸಿಗುತ್ತವೆ, ದುಡ್ಡಿಲ್ಲವೆಂದು ದಿನ ಬಿಟ್ಟು ದಿನ ತಿನ್ನುವವರನ್ನು ಕಂಡಿದ್ದೇನೆ, ಹಾಗೆ ಮಾತ್ರ ಯಾರೂ ಮಾಡಬೇಡಿ.

ಎರಡನೆಯದು ನೋವಿನ ಮಾತ್ರೆ. ಹಲ್ಲುನೋವಿಗೆ ಸಾಮಾನ್ಯವಾಗಿ ಬರೆದುಕೊಡುವ ಕೆಟೊರೊಲಾಕ್, ಅಸೆಕ್ಲೊಫೆನಾಕ್, ಡಿಕ್ಲೊಫೆನಾಕ್, ಐಬುಪ್ರೊಫೆನ್, ಅಂದರೆ ಜನ ಚೀಟಿಯಿಲ್ಲದೆ ಕೇಳಿ ಪಡೆಯುವ ಕಾಂಬಿಫ್ಲಾಮ್ ಕೂಡ, ನಿಮ್ಮ ಎರಡು ಮಾತ್ರೆಗಳ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವ ಮಾಡಿಸಬಲ್ಲವು. ಜ್ವರಕ್ಕೂ ನೋವಿಗೂ ಪ್ಯಾರಾಸಿಟಮಾಲ್ ಒಂದೇ, ಅದೂ ಅಳತೆಯಲ್ಲಿ. ಸೊಂಟಕ್ಕೆ ಚುಚ್ಚುವ ನೋವಿನ ಇಂಜೆಕ್ಷನ್ನನ್ನೂ ಬೇಡವೆನ್ನಿ, ಚುಚ್ಚಿದ ಸ್ನಾಯುವಿನಲ್ಲಿ ರಕ್ತ ಶೇಖರವಾಗಬಹುದು.

ಮೂರನೆಯದು ಗ್ಯಾಸ್ಟ್ರಿಕ್ ಮಾತ್ರೆ. ಒಮೆಪ್ರಜೋಲ್ ಮತ್ತು ಎಸೊಮೆಪ್ರಜೋಲ್, ಕ್ಲೋಪಿಡೋಗ್ರೆಲ್ ದೇಹದಲ್ಲಿ ಕೆಲಸಕ್ಕೆ ಬರುವುದನ್ನೇ ತಗ್ಗಿಸುತ್ತವೆ. ಪ್ಯಾಂಟೊಪ್ರಜೋಲಿನಲ್ಲಿ ಆ ತೊಂದರೆ ಕಡಿಮೆ. ನಿಮಗೆ ಯಾವುದನ್ನು ಬರೆದಿದ್ದಾರೆ ನೋಡಿಕೊಳ್ಳಿ.

ಶಿವಮೊಗ್ಗದ ಶಿಕ್ಷಕಿ:

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ ತಿಳಿಯುತ್ತಿಲ್ಲ. ಹುಬ್ಬಳ್ಳಿಯ ತಮ್ಮ, ನಿಮ್ಮ ತಂದೆಯವರ ಲೋಟದ ಮಾತು ಓದಿ ಮಾತ್ರೆ ನಿಲ್ಲಿಸುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಇಂದಿನ ಮಾತ್ರೆ ತೆಗೆದುಕೊಂಡಿದ್ದೇನೆ.

ಹಾಸನದ ಸರ್, ನಿಮ್ಮ ಮಾತು ಓದಿದ ಕೂಡಲೇ ಮಾತ್ರೆಯ ಡಬ್ಬಿ ತಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹತ್ತು ದಿನಗಳ ಹಿಂದೆ ನಮ್ಮ ಮಾಮೂಲಿನ ಅಂಗಡಿ ಮುಚ್ಚಿತ್ತೆಂದು ಬೇರೆ ಕಡೆ ತಂದ ಸ್ಟ್ರಿಪ್ಪಿನಲ್ಲಿ ಹೆಸರಿನ ಮುಂದೆ ಎ ಇದೆ, ಅದರ ಮುಂದೆ 150 ಇದೆ. ಅದರ ಜೊತೆಗೆ ಎಕೋಸ್ಪ್ರಿನ್ 75 ಅನ್ನೂ ತಿನ್ನುತ್ತಿದ್ದೇನೆ. ಅಂದರೆ ದಿನಕ್ಕೆ 75ರ ಬದಲು 225 ಮಿಲಿಗ್ರಾಂ ಆಸ್ಪಿರಿನ್! ಕಲೆಗಳು ಹೆಚ್ಚಾದದ್ದೂ ಸರಿಸುಮಾರು ಅದೇ ದಿನಗಳಿಂದ. ಈಗ ನಾನು ಏನು ಮಾಡಬೇಕು? ಎಕೋಸ್ಪ್ರಿನ್ ಬಿಡಲೇ?

ನಿವೃತ್ತ ಶುಶ್ರೂಷಾಧಿಕಾರಿ, ಬೆಂಗಳೂರು:

ಗಾಬರಿಯಾಗಬೇಡಿ, ಒಳ್ಳೆಯ ಸಮಯಕ್ಕೆ ಕಣ್ಣಿಗೆ ಬಿತ್ತು. ಆದರೆ ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದನ್ನು ನಾವು ಇಲ್ಲಿ ತೀರ್ಮಾನಿಸುವುದು ಬೇಡ. ಎರಡೂ ಸ್ಟ್ರಿಪ್ಪುಗಳ ಹಿಂಭಾಗದ ಫೋಟೋ ತೆಗೆದು, ಡಿಸ್ಚಾರ್ಜ್ ಸಮ್ಮರಿಯ ಔಷಧಿ ಪುಟದೊಂದಿಗೆ ಆಸ್ಪತ್ರೆಯ ತಂಡಕ್ಕೆ ಕಳುಹಿಸಿ. ಇಂದೇ. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಹೋಗುತ್ತಿದೆಯೇ ಎಂದೂ ಗಮನಿಸಿ. ಹೌದಾದರೆ ಫೋನಿಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ. ಕಬ್ಬಿಣದ ಮಾತ್ರೆ ತಿನ್ನುವವರಿಗೆ ಮಲ ಹೇಗೂ ಕಪ್ಪಾಗುತ್ತದೆ, ನೀವು ತಿನ್ನುತ್ತಿದ್ದರೆ ಅದನ್ನೂ ಅವರಿಗೆ ತಿಳಿಸಿ.

ನ್ಯೂಜೆರ್ಸಿಯಿಂದ ಒಬ್ಬ ಕನ್ನಡಿಗ:

ನನ್ನ ಅನುಭವ ಸ್ವಲ್ಪ ಬೇರೆ ಬಗೆಯದು, ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವ ಎಲ್ಲರೂ ಕೇಳಿ ತಿಳಿಯಬೇಕಾದದ್ದು ಎಂದು ಬರೆಯುತ್ತಿದ್ದೇನೆ. ಕ್ಲೋಪಿಡೋಗ್ರೆಲ್ ನುಂಗಿದ ಹಾಗೆಯೇ ಕೆಲಸ ಮಾಡುವ ಔಷಧಿಯಲ್ಲ. ಯಕೃತ್ತಿನಲ್ಲಿರುವ ಸಿವೈಪಿ2ಸಿ19 ಎಂಬ ಕಿಣ್ವ ಅದನ್ನು ಬದಲಾಯಿಸಿದ ಮೇಲೆಯೇ ಅದಕ್ಕೆ ಶಕ್ತಿ ಬರುತ್ತದೆ. ಕೆಲವರಲ್ಲಿ ಆ ಕಿಣ್ವ ಹುಟ್ಟಿನಿಂದಲೇ ದುರ್ಬಲ, ನಮ್ಮ ದಕ್ಷಿಣ ಏಷ್ಯಾದವರಲ್ಲಿ ಇದು ಅಪರೂಪವೇನಲ್ಲ. ಇಂಥವರಲ್ಲಿ ಔಷಧಿಯ ಪರಿಣಾಮ ಕಡಿಮೆಯಾಗುತ್ತದೆ ಎಂದು 2010ರಲ್ಲೇ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಚೌಕಟ್ಟಿನೊಳಗೆ ಅಚ್ಚಾಗುವ ಎಚ್ಚರಿಕೆಯನ್ನು ಔಷಧಿಯ ಕಾಗದದ ಮೇಲೆ ಹಾಕಿಸಿತು.

ನನಗೆ ಸ್ಟೆಂಟ್ ಹಾಕುವ ಮೊದಲು ಒಂದು ವಾರ ಮಾತ್ರೆ ಕೊಟ್ಟು, ಪ್ಲೇಟ್‌ಲೆಟ್‌ಗಳು ಎಷ್ಟರ ಮಟ್ಟಿಗೆ ತಣ್ಣಗಾಗಿವೆ ಎಂದು ನೋಡುವ ರಕ್ತಪರೀಕ್ಷೆ ಮಾಡಿದರು. ಒಂದು ವಾರ ತಪ್ಪದೆ ನುಂಗಿದ್ದರೂ ಏನೂ ನುಂಗದವನ ರಕ್ತದಂತೆಯೇ ಫಲಿತಾಂಶ ಬಂತು. ಹಾಗಾಗಿ ಟಿಕಾಗ್ರೆಲೋರ್ 90 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, ಎಂದು ಬದಲಿಸಿದರು. ಆ ಮಾತ್ರೆಯ ಗುಣವೂ ಬೇರೆ, ಶಿಸ್ತೂ ಬೇರೆ. ಅದು ಪ್ಲೇಟ್‌ಲೆಟ್ಟನ್ನು ಶಾಶ್ವತವಾಗಿ ಕಟ್ಟಿಹಾಕುವುದಿಲ್ಲ, ಒಂದು ಹೊತ್ತು ತಪ್ಪಿದರೂ ಬಲ ಇಳಿಯುತ್ತದೆ. ಮೊದಲ ವಾರಗಳಲ್ಲಿ ಸುಮ್ಮನೆ ಕುಳಿತಾಗಲೂ ಒಂದು ಉಸಿರು ಸಾಲದೆ ಇನ್ನೊಂದು ಎಳೆದುಕೊಳ್ಳಬೇಕು ಎನ್ನಿಸುತ್ತಿತ್ತು. ಹೃದಯಕ್ಕೇ ಏನೋ ಆಗಿದೆ ಎಂದು ರಾತ್ರಿ ಎದ್ದು ಕುಳಿತಿದ್ದೇನೆ. ಅದು ಆ ಮಾತ್ರೆಯ ಗೊತ್ತಿರುವ ಅಡ್ಡಪರಿಣಾಮ ಎಂದು ಮೊದಲೇ ತಿಳಿದಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಇನ್ನೊಂದು ಮಾತು. ಈ ಔಷಧಿಯ ಜೊತೆ ಗ್ರೇಪ್‌ಫ್ರೂಟ್ ತಿನ್ನಬಾರದು ಎಂದಿರುವುದನ್ನು ನಮ್ಮ ಮನೆಯವರು ದ್ರಾಕ್ಷಿ ಎಂದು ತಿಳಿದು ಆರು ತಿಂಗಳು ನನಗೆ ದ್ರಾಕ್ಷಿ ಕೊಡಲಿಲ್ಲ. ಗ್ರೇಪ್‌ಫ್ರೂಟ್ ಎಂಬುದು ದ್ರಾಕ್ಷಿಯಲ್ಲ, ನಮ್ಮ ಚಕ್ಕೋತದ ಹತ್ತಿರದ ನೆಂಟ. ಅದರಲ್ಲಿರುವ ಬಗೆಯ ವಸ್ತುಗಳೇ ಚಕ್ಕೋತದಲ್ಲೂ ಇವೆ, ಆದ್ದರಿಂದ ದೇವನಹಳ್ಳಿಯ ಕಡೆಯವರು ಟಿಕಾಗ್ರೆಲೋರ್ ತಿನ್ನುತ್ತಿದ್ದರೆ ಚಕ್ಕೋತದ ಬಗ್ಗೆ ವೈದ್ಯರನ್ನು ಕೇಳಿಕೊಳ್ಳುವುದು ಒಳ್ಳೆಯದು. ದ್ರಾಕ್ಷಿಯನ್ನು ಧಾರಾಳವಾಗಿ ತಿನ್ನಿ.

ಉಡುಪಿಯಿಂದ ಒಬ್ಬ ತಾಯಿ:

ಶಿಕ್ಷಕಿಯವರು ಮುಟ್ಟಿನ ವಿಷಯವನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದಾರೆ. ನಾನೂ ಹಾಗೆಯೇ ಮಾಡಿದ್ದೆ, ವೈದ್ಯರ ಮುಂದೆ ಹೇಳಲು ಸಂಕೋಚಪಟ್ಟು ಮೂರು ತಿಂಗಳು ತಳ್ಳಿದೆ. ಕೊನೆಗೆ ಬಾವಿಕಟ್ಟೆಯ ಹತ್ತಿರ ಕೊಡಪಾನ ಎತ್ತಲು ಹೋಗಿ ಕಣ್ಣು ಕತ್ತಲೆ ಬಂದು ಕುಸಿದೆ. ಹಿಮೋಗ್ಲೋಬಿನ್ 6.8 ಇತ್ತು. ಮೆದುಳಿನ ಆಪರೇಷನ್ನಿನ ಆಯಾಸ ಎಂದೇ ಮನೆಯವರೆಲ್ಲ ನಂಬಿದ್ದರು, ನಾನೂ ನಂಬಿದ್ದೆ.

ಮೇಡಂ, ನಿಮ್ಮ ಮಧ್ಯಾಹ್ನದ ನಿಶ್ಶಕ್ತಿಗೂ ಇದೇ ಕಾರಣ ಇರಬಹುದು, ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿಬಿಡಿ. ಸ್ತ್ರೀರೋಗ ತಜ್ಞರ ಬಳಿ ಹೋದಾಗ ಮೊದಲ ವಾಕ್ಯದಲ್ಲೇ ಸ್ಟೆಂಟಿನ ಮಾತು ಹೇಳಿ. ಏಕೆಂದರೆ ಹೆಚ್ಚಿನ ಸ್ರಾವಕ್ಕೆ ಎಲ್ಲರೂ ಕೊಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಕಟ್ಟಿದ ಹೆಪ್ಪು ಕರಗದಂತೆ ಮಾಡುವಂಥದ್ದು. ಈಸ್ಟ್ರೋಜನ್ ಇರುವ ಮಾತ್ರೆಗಳೂ ಹೆಪ್ಪುಗಟ್ಟುವಿಕೆಯನ್ನು ಹೆಚ್ಚಿಸುತ್ತವೆ. ಸ್ಟೆಂಟ್ ಹಾಕಿದವರನ್ನು ಕೇಳದೆ ಇವೆರಡನ್ನೂ ಶುರು ಮಾಡಬಾರದು. ನನಗೆ ಇಬ್ಬರೂ ವೈದ್ಯರು ಫೋನಿನಲ್ಲಿ ಮಾತನಾಡಿಕೊಂಡು, ಪ್ರೊಜೆಸ್ಟರಾನ್ ಮಾದರಿಯ ಹಾರ್ಮೋನನ್ನು ಸ್ವಲ್ಪ ಸ್ವಲ್ಪವೇ ಬಿಡುವ ಸಾಧನವನ್ನು ಗರ್ಭಕೋಶದೊಳಗೆ ಇಟ್ಟರು. ನಾಲ್ಕನೆಯ ತಿಂಗಳಿಗೆ ಸ್ರಾವ ಬಹುಮಟ್ಟಿಗೆ ನಿಂತಿತು. ಮಾತ್ರೆ ಒಂದು ದಿನವೂ ನಿಲ್ಲಲಿಲ್ಲ.

ತುಮಕೂರಿನ ಕೃಷಿಕ:

ನಮ್ಮ ಅಣ್ಣನವರಿಗೂ ಸ್ಟೆಂಟ್ ಆಗಿದೆ. ಅವರ ವಾರ್ಡಿನಲ್ಲಿದ್ದ ಇನ್ನೊಬ್ಬರಿಗೆ ಮೂರು ತಿಂಗಳಿಗೇ ಕ್ಲೋಪಿಡೋಗ್ರೆಲ್ ನಿಲ್ಲಿಸಿದರಂತೆ, ಅಣ್ಣನಿಗೆ ಒಂಬತ್ತು ತಿಂಗಳಾದರೂ ನಡೆಯುತ್ತಿದೆ. ಆಸ್ಪಿರಿನ್ ಜೀವನಪರ್ಯಂತ ಎನ್ನುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಹೇಳುವುದೇಕೆ? ಬೆಳ್ಳುಳ್ಳಿಯೂ ರಕ್ತವನ್ನು ತೆಳುವಾಗಿಸುತ್ತದೆ ಎನ್ನುತ್ತಾರೆ, ದಿನವೂ ಬೆಳಿಗ್ಗೆ ಬೆಳ್ಳುಳ್ಳಿ ಕೊಟ್ಟು ಮಾತ್ರೆ ಕಡಿಮೆ ಮಾಡಬಹುದೇ?

ನಿವೃತ್ತ ಶುಶ್ರೂಷಾಧಿಕಾರಿ, ಬೆಂಗಳೂರು:

ಅಣ್ಣಾ, ಅಡುಗೆಯಲ್ಲಿ ಬೆಳ್ಳುಳ್ಳಿ ಇರಲಿ, ಮಾತ್ರೆಗೆ ಬದಲಾಗಿ ಬೇಡವೇ ಬೇಡ. ಬೆಳ್ಳುಳ್ಳಿಯ ಕ್ಯಾಪ್ಸೂಲ್, ಮೀನೆಣ್ಣೆ, ಗಿಂಕ್ಗೊ ಎಂಬ ಮರದ ಎಲೆಯ ಸಾರ, ಇವು ಮಾತ್ರೆಯ ಮೇಲೆ ಸೇರಿಕೊಂಡು ರಕ್ತಸ್ರಾವವನ್ನು ಹೆಚ್ಚಿಸಬಹುದು, ಆದರೆ ಸ್ಟೆಂಟನ್ನು ಕಾಯುವಷ್ಟು ಖಚಿತವಾದ ಬಲ ಅವಕ್ಕಿಲ್ಲ.

ಅವಧಿ ಬೇರೆ ಬೇರೆಯಾಗುವುದಕ್ಕೆ ಕಾರಣಗಳಿವೆ. ಕಾಯಿಲ್ ಜೊತೆಗಿನ ಸ್ಟೆಂಟಿನಲ್ಲಿ ಲೋಹ ಕಡಿಮೆ, ಫ್ಲೋ ಡೈವರ್ಟರಿನಲ್ಲಿ ಹೆಣಿಗೆ ಒತ್ತಾಗಿದೆ. ಯಾವ ಕವಲಿನಲ್ಲಿ ಕುಳಿತಿದೆ, ಒಂದೇ ಸ್ಟೆಂಟೋ ಎರಡೋ, ಆಂಜಿಯೋಗ್ರಾಮಿನಲ್ಲಿ ಒಳಗಿನ ದಾರಿ ಕಿರಿದಾಗಿ ಕಂಡಿತೇ, ರೋಗಿಗೆ ಹೊಟ್ಟೆಯ ಹುಣ್ಣು ಇದೆಯೇ, ವಯಸ್ಸೆಷ್ಟು, ಇವನ್ನೆಲ್ಲ ತೂಗಿ ನೋಡಿ ಹೇಳುತ್ತಾರೆ. ಸಾಮಾನ್ಯವಾಗಿ ಎರಡು ಮಾತ್ರೆಗಳು ಮೂರರಿಂದ ಆರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು, ಆಮೇಲೆ ಆಸ್ಪಿರಿನ್ ಒಂದೇ ದೀರ್ಘಕಾಲ. ಪಕ್ಕದ ಹಾಸಿಗೆಯವರ ಚೀಟಿ ನಮ್ಮದಲ್ಲ.

ಮಳೆಗಾಲ ಬಂತಲ್ಲ, ಅದಕ್ಕೆ ಇದನ್ನೂ ಸೇರಿಸುತ್ತೇನೆ. ಡೆಂಗಿ ಬಂದರೆ ಪ್ಲೇಟ್‌ಲೆಟ್ ಸಂಖ್ಯೆಯೇ ಇಳಿಯುತ್ತದೆ, ಉಳಿದವುಗಳ ಕೈಯನ್ನು ನಮ್ಮ ಮಾತ್ರೆಗಳು ಕಟ್ಟಿರುತ್ತವೆ. ಈ ಮಾತ್ರೆ ತಿನ್ನುವವರಿಗೆ ಜ್ವರ ಬಂದರೆ ಎರಡು ದಿನ ನೋಡೋಣ ಎನ್ನಬೇಡಿ, ಅಂದೇ ಪ್ಲೇಟ್‌ಲೆಟ್ ಎಣಿಸಿ ಸ್ಟೆಂಟ್ ಹಾಕಿದವರಿಗೆ ತಿಳಿಸಿ. ಕಡಿಮೆಯಾಗಿದೆ ಎಂದು ನೀವಾಗಿಯೇ ಮಾತ್ರೆ ನಿಲ್ಲಿಸಲೂ ಬೇಡಿ, ಸಂಖ್ಯೆ ಎಷ್ಟಿದೆ, ಸ್ಟೆಂಟಿಗೆ ಎಷ್ಟು ದಿನವಾಗಿದೆ ಎಂದು ನೋಡಿ ಅವರು ಹೇಳುತ್ತಾರೆ. ಹಾಗೆಯೇ, ಗಾಡಿಯಿಂದ ಬಿದ್ದು ತಲೆಗೆ ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ ಸಿಟಿ ಸ್ಕ್ಯಾನ್ ಮಾಡಿಸಲೇಬೇಕು.

ಮೈಸೂರಿನ ಓದುಗಿ, ಸ್ಟೆಂಟ್ ಆಗಿ ನಾಲ್ಕು ವರ್ಷ:

ಬರೆಯುತ್ತೇನೆ ಎಂದಿದ್ದೆ, ತಡವಾಯಿತು, ಕ್ಷಮಿಸಿ. ಔಷಧಿಯ ಬಗ್ಗೆ ಬಲ್ಲವರು ಹೇಳಿದ್ದಾರೆ, ನಾನು ಚೇತರಿಕೆಯ ಬಗ್ಗೆ ಮಾತ್ರ ಹೇಳುತ್ತೇನೆ.

ನನ್ನದು ಒಡೆದ ಉಬ್ಬು. ಮೊದಲು ಕಾಯಿಲ್ ತುಂಬಿ ಜೀವ ಉಳಿಸಿದರು, ಒಳಗೆ ಆಗಲೇ ರಕ್ತ ಸುರಿದಿದ್ದಾಗ ಎರಡು ಮಾತ್ರೆಗಳ ಅಪಾಯ ಬೇಡವೆಂದು ಸ್ಟೆಂಟನ್ನು ಕೆಲವು ತಿಂಗಳು ತಡೆದು ಹಾಕಿದರು. ಆದ್ದರಿಂದ ನಿಮ್ಮ ಚೇತರಿಕೆ ನನ್ನದಕ್ಕಿಂತ ಬೇಗ ಆಗಬೇಕು. ಆದರೂ ಏಳು ವಾರ ಎನ್ನುವುದು ಕಡಿಮೆ ಸಮಯ. ನನ್ನ ಎರಡನೆಯ ತಿಂಗಳಿನಲ್ಲಿ ಕುಕ್ಕರಿನ ಸೀಟಿ ಕೇಳಿದರೆ ತಲೆಯೊಳಗೆ ಯಾರೋ ತಟ್ಟೆ ಬೀಳಿಸಿದಂತಾಗುತ್ತಿತ್ತು. ಮದುವೆ ಮನೆಗೆ ಹೋಗಿ ಊಟಕ್ಕೆ ಮೊದಲೇ ಎದ್ದು ಬಂದಿದ್ದೇನೆ. ಒಂದು ಕಡೆ ಮಾತು, ಇನ್ನೊಂದು ಕಡೆ ವಾದ್ಯ, ಮಕ್ಕಳ ಗಲಾಟೆ, ಮೂರನ್ನೂ ಒಟ್ಟಿಗೆ ಹೊರಲು ತಲೆಗೆ ಆಗುತ್ತಿರಲಿಲ್ಲ. ಹೊರಗೆ ಒಂದು ಹೊಲಿಗೆಯೂ ಇಲ್ಲದ ಕಾರಣ ನೋಡಿದವರೆಲ್ಲ ಚೆನ್ನಾಗಿಯೇ ಇದ್ದೀರಲ್ಲ ಎಂದರು. ಆ ಮಾತು ಬಹಳ ನೋಯಿಸುತ್ತದೆ. ಯಾರಿಗೂ ಉತ್ತರ ಕೊಡಬೇಕಾದ ಅಗತ್ಯ ನಿಮಗಿಲ್ಲ.

ಮಧ್ಯಾಹ್ನ ಕಡ್ಡಾಯವಾಗಿ ಮಲಗಿ. ಶಾಲೆಗೆ ಮೊದಲು ಅರ್ಧ ದಿನ ಹೋಗಿ, ಸಾಧ್ಯವಾದರೆ ಬೆಳಗಿನ ಎರಡು ಪೀರಿಯಡ್ ಮಾತ್ರ. ಬಿಪಿಯನ್ನು ಮನೆಯಲ್ಲೇ ಅಳೆದು ಬರೆದಿಡಿ. ಸ್ಟೆಂಟಿನ ಹೆಸರು, ದಿನಾಂಕ ಇರುವ ಕಾರ್ಡಿನ ಪ್ರತಿಯನ್ನು ಪರ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಎಂಆರ್‌ಐ ಮಾಡಿಸುವಾಗ ಅದನ್ನು ಕೇಳುತ್ತಾರೆ. ತಲೆನೋವು ಕೆಲವು ವಾರ ಬಂದು ಹೋಗುವುದು ಸಹಜ. ಆದರೆ ಸಿಡಿಲು ಹೊಡೆದಂತೆ ಒಮ್ಮೆಲೇ ಬಂದ ತಲೆನೋವು, ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು, ಒಂದು ಕಣ್ಣು ಮಂಜಾಗುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ತಾನಾಗಿಯೇ ಸರಿಹೋದರೂ ಹೋಗಿ ತೋರಿಸಿ.

ಶಿವಮೊಗ್ಗದ ಶಿಕ್ಷಕಿ:

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಮೈಸೂರಿನ ಅಕ್ಕ ಹೇಳಿದ ಹಾಗೆಯೇ ಮಾತನಾಡಿದೆ, ಕರ್ತವ್ಯದಲ್ಲಿದ್ದ ವೈದ್ಯರು ಮೂರೇ ನಿಮಿಷದಲ್ಲಿ ಫೋನಿಗೆ ಬಂದರು. ಯಾವ ಕಾರಣಕ್ಕೂ ಎರಡನ್ನೂ ನಿಲ್ಲಿಸಬಾರದು ಎಂದರು. ಸ್ಟ್ರಿಪ್ಪಿನ ಫೋಟೋ ನೋಡಿ, ಎ ಇರುವುದನ್ನು ಅಂಗಡಿಗೆ ಹಿಂತಿರುಗಿಸಿ, ಮೊದಲಿನಂತೆ ಬರಿಯ ಕ್ಲೋಪಿಡೋಗ್ರೆಲ್ 75 ಮತ್ತು ಎಕೋಸ್ಪ್ರಿನ್ 75 ಬೇರೆ ಬೇರೆಯಾಗಿ ತೆಗೆದುಕೊಳ್ಳಲು ಹೇಳಿದರು. ಹೊಸ ಕಲೆಗಳು ಈಗ ಕಡಿಮೆ.

ಹಲ್ಲಿನ ಡಾಕ್ಟರರಿಗೆ ಅವರೇ ಕರೆ ಮಾಡಿ ಮಾತನಾಡಿದರು. ಹಲ್ಲಿನ ಡಾಕ್ಟರರು ಬೇಸರಪಟ್ಟುಕೊಳ್ಳಲಿಲ್ಲ, ಹೃದಯದ ಸ್ಟೆಂಟಿನವರು ಬಹಳ ಬರುತ್ತಾರೆ, ಮೆದುಳಿನದು ನೀವೇ ಮೊದಲಿಗರು ಎಂದು ಹೇಳಿ ಫೈಲಿನಲ್ಲಿ ಕೆಂಪು ಶಾಯಿಯಿಂದ ಬರೆದುಕೊಂಡರು. ಕೀಳುವ ಬದಲು ಹಲ್ಲನ್ನು ತೆರೆದು, ನರ ಸ್ವಚ್ಛಗೊಳಿಸಿ, ರೂಟ್ ಕೆನಾಲ್ ಶುರು ಮಾಡಿದ್ದಾರೆ. ಮಾತ್ರೆ ತಿಂದೇ ಹೋಗಿದ್ದೆ, ಸ್ವಲ್ಪ ರಕ್ತ ಬಂತು, ಇಪ್ಪತ್ತು ನಿಮಿಷ ಹತ್ತಿ ಕಚ್ಚಿ ಹಿಡಿದ ಮೇಲೆ ನಿಂತಿತು. ನೋವಿಗೆ ಪ್ಯಾರಾಸಿಟಮಾಲ್ ಸಾಕಾಯಿತು.

ಉಡುಪಿಯ ಅಕ್ಕ, ನನ್ನ ಹಿಮೋಗ್ಲೋಬಿನ್ 8.1 ಬಂದಿದೆ. ಕಬ್ಬಿಣದ ಮಾತ್ರೆ ಶುರುವಾಗಿದೆ, ಸ್ತ್ರೀರೋಗ ತಜ್ಞರನ್ನು ಗುರುವಾರ ಕಾಣುತ್ತೇನೆ, ನೀವು ಬರೆದದ್ದನ್ನು ಕಾಗದದಲ್ಲಿ ಬರೆದುಕೊಂಡು ಹೋಗುತ್ತಿದ್ದೇನೆ. ಅತ್ತಿಗೆ ದಿನ ಬಿಟ್ಟು ದಿನ ನುಗ್ಗೆಸೊಪ್ಪಿನ ಪಲ್ಯ ಮಾಡುತ್ತಿದ್ದಾರೆ. ಮುಂದಿನ ಸೋಮವಾರದಿಂದ ಹತ್ತನೇ ತರಗತಿಗೆ ಬೆಳಗಿನ ಎರಡು ಪೀರಿಯಡ್ ತೆಗೆದುಕೊಳ್ಳಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಹುಬ್ಬಳ್ಳಿಯ ತಮ್ಮ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಹುಬ್ಬಳ್ಳಿಯಿಂದ, ತಂದೆಯವರ ಪರವಾಗಿ:

ತಿಳಿಸಿದೆ ಅಕ್ಕಾವರೆ. ನಿಮ್ಮ ಪತ್ರವನ್ನು ಎರಡು ಬಾರಿ ಓದಿಸಿಕೊಂಡರು. ಅವರು ಎಡಗೈಯಲ್ಲಿ ಬರೆಯುವ ಅಭ್ಯಾಸ ಮಾಡುತ್ತಿದ್ದಾರೆ, ನಿನ್ನೆ ಸ್ಲೇಟಿನ ಮೇಲೆ ತಮ್ಮ ಹೆಸರಿನ ಮೊದಲ ಮೂರು ಅಕ್ಷರ ಬರೆದರು.